ಕಪ್ಪಿನ ಮೇಲಣ ಬೆಳ್ಳಿ

ಮುಂಜಾನೆಯ ಹೊತ್ತಿನಲ್ಲಿ ಹಳ್ಳಿಯ ಮನೆಯಂಗಳದಲ್ಲಿ ರಂಗವಲ್ಲಿ ಹಾಕುವುದನ್ನು ನೀವು ನೋಡಿರಬಹುದು. ಮೊದಲು ಕಸ ಗುಡಿಸಬೇಕು. ಆಮೇಲೆ ಸಗಣಿಯ ನೀರಿನಿಂದ ನೆಲವನ್ನು ಸಾರಿಸಬೇಕು. ನೆಲ ಹದವಾಗಿ ಆರಿ ಕಪ್ಪುಹಸುರಿನ ಬಣ್ಣ ತಳೆದ ಮೇಲೆಯೇ ಬೆರಳ ಸಂದಿನಿಂದ ಬಿಳಿಯ ಪುಡಿ ಎಳೆಯೆಳೆಯಾಗಿ ಇಳಿಯತೊಡಗುತ್ತದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ರಂಗವಲ್ಲಿಯನ್ನು ಮೆಚ್ಚುತ್ತಾರೆ. ಸಾರಣೆಯನ್ನು ಮೆಚ್ಚಿ ಮಾತನಾಡಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಆದರೆ ಅದೇ ಕೈ, ಅದೇ ಪುಡಿಯನ್ನು ಸುಣ್ಣ ಬಳಿದ ಬಿಳಿಯ ಕಟ್ಟೆಯ ಮೇಲೆ ಎಳೆದರೆ ಏನಾದೀತು? ಚುಕ್ಕಿ ತಪ್ಪಿರುವುದಿಲ್ಲ, ಎಳೆ ಕೆಟ್ಟಿರುವುದಿಲ್ಲ. ಆದರೂ ಚಿತ್ರ ಕಣ್ಣಿಗೆ ಬೀಳುವುದಿಲ್ಲ. ರಂಗವಲ್ಲಿಯ ಅರ್ಧ ಕೆಲಸ ಸಾರಣೆಯಲ್ಲಿಯೇ ಮುಗಿದಿರುತ್ತದೆ ಎಂದರೆ ತಪ್ಪಾಗಲಾರದು.

ಒಂದು ವಸ್ತು ತನಗಿಂತ ಭಿನ್ನವಾದ ಮತ್ತೊಂದರ ಪಕ್ಕದಲ್ಲಿ ನಿಂತು, ಆ ಭಿನ್ನತೆಯ ಬಲದಿಂದಲೇ ಎದ್ದು ಕಾಣುವುದನ್ನು ಕಲಾವಿದರು ‘ವೈದೃಶ್ಯ’ ಎಂದು ಕರೆಯುತ್ತಾರೆ. ಬೆಳಕಿನ ಪಕ್ಕದ ಕತ್ತಲೆ, ಹಿರಿದರ ಪಕ್ಕದ ಕಿರಿದು, ನುಣುಪಿನ ಪಕ್ಕದ ಒರಟು, ತುಂಬಿದ್ದರ ಪಕ್ಕದ ಬರಿದು, ಇವೆಲ್ಲವೂ ವೈದೃಶ್ಯದ ಬಗೆಗಳೇ. ಚಿತ್ರಕಾರ, ಶಿಲ್ಪಿ, ನೇಕಾರ, ಮುದ್ರಕ ಮೊದಲಾದ ಎಲ್ಲರ ಕೈಯಲ್ಲಿಯೂ ಇದು ಉಳಿಯಂತೆ, ಕುಂಚದಂತೆ ಒಂದು ಉಪಕರಣ. ಹಣ ಕೊಟ್ಟು ಕೊಳ್ಳಬೇಕಾಗಿಲ್ಲದ ಈ ಉಪಕರಣವನ್ನು ಹದವರಿತು ಬಳಸುವುದು ಮಾತ್ರ ಸುಲಭವಲ್ಲ. ಬಹಳ ಮಂದಿ ವೈದೃಶ್ಯವೆಂದರೆ ಕಣ್ಣು ಕುಕ್ಕುವ ಬಣ್ಣಗಳನ್ನು ಒಟ್ಟಿಗೆ ಬಳಿಯುವುದೆಂದು ಭಾವಿಸಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಒಂದನ್ನು ಕಾಣಿಸುವುದಕ್ಕಾಗಿ ಮತ್ತೊಂದನ್ನು ಬುದ್ಧಿಪೂರ್ವಕವಾಗಿ ಸುಮ್ಮನಿರಿಸುವ ಕೌಶಲವೇ ವೈದೃಶ್ಯ. ಅದು ಅಲಂಕಾರಕ್ಕಿಂತ ಮೊದಲು ನೋಡುವವನಿಗೆ ನಾವು ಸಲ್ಲಿಸಬೇಕಾದ ಒಂದು ಕರ್ತವ್ಯ.

ನಮ್ಮ ಕಣ್ಣು ಯಾವುದನ್ನೂ ಒಂಟಿಯಾಗಿ ಅಳೆಯುವುದಿಲ್ಲ. ಪಕ್ಕದ್ದರೊಡನೆ ಹೋಲಿಸಿಯೇ ಅಳೆಯುತ್ತದೆ. ಈ ಸಂಗತಿಯನ್ನು ಶಾಸ್ತ್ರೀಯವಾಗಿ ವಿವರಿಸಿದವನು ಫ್ರಾನ್ಸ್ ದೇಶದ ರಸಾಯನಶಾಸ್ತ್ರಜ್ಞ ಮಿಷೆಲ್ ಯೂಜೀನ್ ಶೆವ್ರೆಲ್. ಪ್ಯಾರಿಸ್ ನಗರದಲ್ಲಿ ಚಿತ್ರಗಂಬಳಿಗಳನ್ನು ನೇಯುವ ಗೊಬ್ಲಾಂ ಎಂಬ ಪ್ರಸಿದ್ಧ ಕಾರ್ಯಾಗಾರವಿದೆ. 1824ರಲ್ಲಿ ಶೆವ್ರೆಲ್ ಅಲ್ಲಿನ ಬಣ್ಣಗಾರಿಕೆಯ ಮುಖ್ಯಸ್ಥನಾದನು. ನೀಲಿ ಮತ್ತು ನೇರಳೆ ಬಣ್ಣದ ವಸ್ತ್ರಗಳ ನೆರಳನ್ನು ತೋರಿಸಲು ಬಳಸುವ ಕಪ್ಪು ನೂಲಿನಲ್ಲಿ ಕಪ್ಪು ಸಾಲದೆಂಬ ದೂರು ಅವನ ಬಳಿಗೆ ಬಂದಿತು. ಆತ ಬೇರೆ ಕಾರ್ಯಾಗಾರಗಳ ಕಪ್ಪು ನೂಲನ್ನು ತರಿಸಿ ಹೋಲಿಸಿ ನೋಡಿದನು. ತನ್ನ ಬಣ್ಣದಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದುದು ನೆರೆಯಲ್ಲಿ! ಪಕ್ಕದ ನೀಲಿ ನೇರಳೆಗಳು ಕಪ್ಪಿನ ಗಾಢತೆಯನ್ನು ಕಣ್ಣಿಗೆ ಕುಗ್ಗಿಸಿ ತೋರಿಸುತ್ತಿದ್ದವು. ಈ ಎಳೆಯನ್ನು ಹಿಡಿದು ವರ್ಷಗಟ್ಟಲೆ ಪ್ರಯೋಗ ನಡೆಸಿದ ಶೆವ್ರೆಲ್, ಬಣ್ಣಗಳ ಪರಸ್ಪರ ವೈದೃಶ್ಯದ ನಿಯಮವನ್ನು ಕುರಿತ ತನ್ನ ಗ್ರಂಥವನ್ನು 1839ರಲ್ಲಿ ಪ್ರಕಟಿಸಿದನು. ಯುರೋಪಿನ ಅನೇಕ ಚಿತ್ರಕಾರರಿಗೆ ಅದು ಮಾರ್ಗದರ್ಶಿಯಾಯಿತು.

ಇದನ್ನು ನೀವೇ ಪರೀಕ್ಷಿಸಬಹುದು. ಒಂದೇ ಬೂದುಬಣ್ಣದ ಕಾಗದದಿಂದ ಎರಡು ಸಣ್ಣ ಚೌಕಗಳನ್ನು ಕತ್ತರಿಸಿರಿ. ಒಂದನ್ನು ಕಪ್ಪು ಕಾಗದದ ನಡುವೆಯೂ ಮತ್ತೊಂದನ್ನು ಬಿಳಿಯ ಕಾಗದದ ನಡುವೆಯೂ ಅಂಟಿಸಿ ದೂರ ನಿಂತು ನೋಡಿರಿ. ಕಪ್ಪಿನ ನಡುವಿನ ಬೂದು ತಿಳಿಯಾಗಿ ಕಾಣುತ್ತದೆ. ಬಿಳಿಯ ನಡುವಿನ ಬೂದು ದಟ್ಟವಾಗಿ ಕಾಣುತ್ತದೆ. ಕಾಗದ ಒಂದೇ, ನೆರೆ ಮಾತ್ರ ಬೇರೆ.

ಶೆವ್ರೆಲ್ ಗ್ರಂಥ ಬರೆಯುವುದಕ್ಕೆ ಬಹಳ ಮೊದಲೇ ಈ ಗುಟ್ಟನ್ನು ಕೈಯಿಂದ ಬಲ್ಲವರು ನಮ್ಮ ಬೀದರಿನಲ್ಲಿದ್ದರು. ಬಹಮನಿ ಸುಲ್ತಾನರ ಕಾಲದಲ್ಲಿ ಅಲ್ಲಿ ಬೇರೂರಿತೆಂದು ಹೇಳಲಾಗುವ ಬಿದರಿ ಕಲೆಯ ಹೂಜಿ, ಹೂದಾನಿ, ತಟ್ಟೆಗಳನ್ನು ನೀವು ಪ್ರದರ್ಶನಗಳಲ್ಲಾದರೂ ನೋಡಿರಬಹುದು. ಕಾಡಿಗೆಯಂಥ ಕಪ್ಪು ಲೋಹದ ಮೇಲೆ ಬೆಳ್ಳಿಯ ಹೂಬಳ್ಳಿಗಳು ಬೆಳುದಿಂಗಳಂತೆ ಹೊಳೆಯುತ್ತವೆ. ಆದರೆ ಆ ಕಪ್ಪು ಹುಟ್ಟಿನಿಂದ ಬಂದದ್ದಲ್ಲ. ಹೆಚ್ಚು ಪಾಲು ಸತುವು, ಸ್ವಲ್ಪ ಪಾಲು ತಾಮ್ರ ಬೆರೆಸಿ ಎರಕ ಹೊಯ್ದ ಆ ಪಾತ್ರೆ ಮೊದಲು ಬಿಳುಪಾಗಿಯೇ ಇರುತ್ತದೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಬಳಿಕ ಕುಶಲಕರ್ಮಿಯು ಮೈಲುತುತ್ತದ ದ್ರಾವಣವನ್ನು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾನೆ. ಏಕೆ? ತಾನು ಮೊನಚಾದ ಕಡ್ಡಿಯಿಂದ ಕೊರೆಯುವ ಗೆರೆ ತನಗೇ ಕಾಣಬೇಕಲ್ಲ! ನೋಡುವವರಿಗಿಂತ ಮೊದಲು ಮಾಡುವವನಿಗೇ ವೈದೃಶ್ಯ ಬೇಕಾಗುತ್ತದೆ.

ಗೆರೆಯನ್ನು ಉಳಿಯಿಂದ ಆಳವಾಗಿಸಿ, ಆ ಸಂದಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ಆಮೇಲೆ ಇಡೀ ಪಾತ್ರೆಯನ್ನು ಉಜ್ಜಿ ಹೊಳಪಿಸುತ್ತಾರೆ. ತಾತ್ಕಾಲಿಕ ಕಪ್ಪು ಆಗ ಅಳಿಸಿಹೋಗುತ್ತದೆ. ಈ ಘಟ್ಟದಲ್ಲಿ ಪಾತ್ರೆಯನ್ನು ನೋಡಿದವರು ನಿರಾಶರಾಗಬಹುದು. ಬಿಳಿಯ ಲೋಹದಲ್ಲಿ ಬಿಳಿಯ ಬೆಳ್ಳಿ ಸೇರಿ, ಅಷ್ಟು ದಿನದ ಶ್ರಮವೆಲ್ಲ ಮರೆಯಾದಂತೆ ತೋರುತ್ತದೆ. ಬೆಳ್ಳಿ ಅಲ್ಲಿಯೇ ಇದೆ, ಕಾಣಿಸುವವರಿಲ್ಲ. ಕಡೆಯ ಕೆಲಸ ಮಣ್ಣಿನದು. ಬೀದರಿನ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿದ ನೀರಿನಿಂದ, ಹದವಾಗಿ ಕಾಯಿಸಿದ ಪಾತ್ರೆಯನ್ನು ಉಜ್ಜಿದಾಗ ಮೂಲ ಲೋಹ ಶಾಶ್ವತವಾಗಿ ಕಪ್ಪಾಗುತ್ತದೆ. ಬೆಳ್ಳಿಗೆ ಮಾತ್ರ ಕಪ್ಪು ಹತ್ತುವುದಿಲ್ಲ. ಎಣ್ಣೆ ಸವರಿದರೆ ಆ ಕಪ್ಪು ಇನ್ನಷ್ಟು ಗಾಢವಾಗುತ್ತದೆ. ಆಗ ಮರೆಯಾಗಿದ್ದ ಬಳ್ಳಿ ತಟ್ಟನೆ ಎದ್ದು ನಿಲ್ಲುತ್ತದೆ. ಬೆಲೆಬಾಳುವುದು ಬೆಳ್ಳಿ, ಆದರೆ ಆ ಬೆಲೆಯನ್ನು ಕಣ್ಣಿಗೆ ತಂದುಕೊಡುವುದು ಹಿಡಿಮಣ್ಣು. ಇಂಥ ಕಲೆಯನ್ನು ಉಳಿಸಿ ಬೆಳೆಸಿದ ಬೀದರಿನ ಹಿರಿಯ ಕಲಾವಿದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಗೌರವ ಸಂದಿತು.

ವೈದೃಶ್ಯಕ್ಕೆ ಎರಡು ಬಣ್ಣಗಳು ಇರಲೇಬೇಕೆಂಬ ನಿಯಮವೂ ಇಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿರಿ. ಹೊಯ್ಸಳ ಶಿಲ್ಪಿಗೆ ದೊರೆತದ್ದು ಒಂದೇ ಬಣ್ಣದ ಬಳಪದ ಕಲ್ಲು. ಆತ ತನ್ನ ಎರಡನೆಯ ಬಣ್ಣವನ್ನು ಸೂರ್ಯನಿಂದ ಎರವಲು ಪಡೆದನು. ಮದನಿಕೆಯ ತೋಳಿನ ಹಿಂದೆ, ಬಳ್ಳಿಯ ಸುರುಳಿಯ ಅಡಿಯಲ್ಲಿ, ಸರದ ಮಣಿಗಳ ನಡುವೆ ಆಳವಾಗಿ ಕೊರೆದು ನೆರಳಿಗೆ ಮನೆ ಮಾಡಿಕೊಟ್ಟನು. ಕಲ್ಲಿನ ಮೇಲ್ಮೈ ಬೆಳಕಿನಲ್ಲಿ ನಿಂತಿತು. ಕೊರೆದ ತಾವು ಕತ್ತಲೆಯಲ್ಲಿ ಉಳಿಯಿತು. ಶಿಲ್ಪಿ ತೆಗೆದುಹಾಕಿದ ಕಲ್ಲಿನಿಂದಲೇ ಉಳಿದ ಕಲ್ಲಿಗೆ ಜೀವ ಬಂದಿತು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಈ ದೇವಾಲಯಗಳನ್ನು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಶ್ರವಣಬೆಳಗೊಳದ ಶಿಲ್ಪಿ ಹಿಡಿದದ್ದು ಮತ್ತೊಂದು ದಾರಿ. ಸುಮಾರು 58 ಅಡಿ ಎತ್ತರದ ಗೊಮ್ಮಟನ ಮೈ ಬಹುಮಟ್ಟಿಗೆ ಬರಿದು, ನಯ, ನಿರಾಭರಣ. ಆದರೆ ಕಾಲಿನ ಎರಡು ಬದಿಗಳಲ್ಲಿ ಹುತ್ತಗಳಿವೆ. ಅವುಗಳಿಂದ ಹಾವುಗಳು ಹೊರಹೊಮ್ಮುತ್ತಿವೆ. ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ. ಆ ಸಣ್ಣ ಎಲೆಗಳನ್ನು ನೋಡಿದ ಕಣ್ಣು ಮೇಲೇರಿ ಆ ವಿಶಾಲವಾದ ಎದೆಯನ್ನೂ ಶಾಂತವಾದ ಮುಖವನ್ನೂ ಕಂಡಾಗ ಮೂರ್ತಿಯ ಹಿರಿಮೆ ಮನಸ್ಸಿಗೆ ಇಳಿಯುತ್ತದೆ. ಬಳ್ಳಿಯಿಲ್ಲದಿದ್ದರೆ ಗೊಮ್ಮಟ ಎತ್ತರವಾಗಿಯೇ ಇರುತ್ತಿದ್ದನು. ಆದರೆ ಚಲಿಸುವ ಪ್ರಕೃತಿಯ ನಡುವೆ ಚಲಿಸದೆ ನಿಂತ ತಪಸ್ವಿಯಾಗಿ ಅಷ್ಟು ಗಾಢವಾಗಿ ಕಾಣುತ್ತಿದ್ದನೋ ಇಲ್ಲವೋ ಹೇಳಲಾಗದು.

ಇಲ್ಲಿ ಒಂದು ಆಕ್ಷೇಪ ಬರಬಹುದು. “ಸೌಂದರ್ಯವಿರುವುದು ಸಾಮರಸ್ಯದಲ್ಲಿ. ಭಿನ್ನತೆಯನ್ನು ಎತ್ತಿ ಹಿಡಿದರೆ ಜಗಳವಾಗುವುದಿಲ್ಲವೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರವನ್ನು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ನೇಕಾರರು ಮಗ್ಗದ ಮೇಲೆ ಕೊಟ್ಟಿದ್ದಾರೆ. ಇಳಕಲ್ ಸೀರೆಯ ಒಡಲು ಒಂದು ಬಣ್ಣ, ಸೆರಗು ಮತ್ತೊಂದು. ಸಾಂಪ್ರದಾಯಿಕ ಸೆರಗು ಕೆಂಪು ರೇಷ್ಮೆಯದು. ಅದರಲ್ಲಿ ಬಿಳಿಯ ವಿನ್ಯಾಸ ಮೂಡಿರುತ್ತದೆ. ಒಡಲಿನ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಈ ಎರಡನ್ನೂ ಹೊಲಿದು ಸೇರಿಸುವುದಿಲ್ಲ. ಒಂದರ ಎಳೆಯ ಕುಣಿಕೆಯನ್ನು ಮತ್ತೊಂದರ ಎಳೆಯ ಕುಣಿಕೆಯಲ್ಲಿ ತೊಡರಿಸಿ ಕೂಡಿಸುತ್ತಾರೆ. ತೋಪು ತೆನೆ ಎಂದು ಹೆಸರಾದ ಈ ಸೆರಗು ಒಡಲಿಗಿಂತ ಎಷ್ಟು ಭಿನ್ನವೋ ಅಷ್ಟೇ ಬಿಗಿಯಾಗಿ ಅದಕ್ಕೆ ಬೆಸೆದುಕೊಂಡಿರುತ್ತದೆ. ಬೆಸುಗೆಯಿಲ್ಲದ ಭಿನ್ನತೆ ಜಗಳ. ಬೆಸುಗೆಯುಳ್ಳ ಭಿನ್ನತೆ ವೈದೃಶ್ಯ. ಸಾಮರಸ್ಯವೆಂದರೆ ಎಲ್ಲವೂ ಒಂದೇ ಆಗುವುದಲ್ಲ, ಬೇರೆಬೇರೆಯಾದವು ಒಂದೇ ಉದ್ದೇಶಕ್ಕೆ ದುಡಿಯುವುದು.

ಆ ಉದ್ದೇಶವನ್ನು ಮರೆತಾಗ ಏನಾಗುತ್ತದೆಂಬುದನ್ನು ನಮ್ಮ ಪೇಟೆಯ ಬೀದಿಗಳಲ್ಲಿ ದಿನವೂ ಕಾಣುತ್ತೇವೆ. ಒಂದು ಅಂಗಡಿಯ ಫಲಕ ಹಳದಿಯ ಮೇಲೆ ಕೆಂಪು. ಅದನ್ನು ಮೀರಿಸಲು ಪಕ್ಕದ್ದು ಕೆಂಪಿನ ಮೇಲೆ ಹಳದಿ. ಅದರಾಚೆ ಮಿನುಗುವ ದೀಪ. ಪ್ರತಿಯೊಬ್ಬನೂ ತಾನು ಎದ್ದು ಕಾಣಬೇಕೆಂದು ಹೊರಟು, ಕೊನೆಗೆ ಯಾರೂ ಕಾಣುವುದಿಲ್ಲ. ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಕೂಗೂ ಕೇಳಿಸದು. ಶಾಲೆಯ ಗೋಡೆಪತ್ರಿಕೆಯೂ ಹಲವು ಸಲ ಇದೇ ಹಾದಿ ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಹನ್ನೆರಡು ಬಣ್ಣಗಳಿವೆಯೆಂದು ಹನ್ನೆರಡನ್ನೂ ಬಳಸುತ್ತಾರೆ. ಶೀರ್ಷಿಕೆಗೆ ಅಡಿಗೆರೆ, ಅಡಿಗೆರೆಗೆ ನೆರಳು, ಅಂಚಿಗೆ ಹೂವು, ಹೂವಿಗೆ ಮಿಂಚು! ಅತಿಯಾದರೆ ಅಮೃತವೂ ವಿಷವೆಂಬ ಮಾತು ಬಣ್ಣಕ್ಕೂ ಸಲ್ಲುತ್ತದೆ. ಊಟದ ಎಲೆಯಲ್ಲಿ ಉಪ್ಪಿನಕಾಯಿಯ ಸ್ಥಾನ ಮೂಲೆಯಲ್ಲಿ, ಅದೂ ಚೂರೇ ಚೂರು. ಅದಕ್ಕೆ ರುಚಿ ಇರುವುದು ಅನ್ನ ಸಪ್ಪೆಯಾಗಿರುವುದರಿಂದ.

ಇಷ್ಟರವರೆಗೆ ಹೇಳಿದ್ದು ಅಂದದ ಮಾತು. ವೈದೃಶ್ಯವು ಅಂದಕ್ಕಿಂತ ದೊಡ್ಡದೊಂದು ಹೊಣೆಯೆಂಬುದನ್ನು ನನಗೆ ಕಲಿಸಿದವನು ಒಬ್ಬ ವಿದ್ಯಾರ್ಥಿ. ಅದನ್ನು ಹೇಳುವಾಗ ಈಗಲೂ ನನಗೆ ಸಂಕೋಚವಾಗುತ್ತದೆ, ಆದರೂ ಹೇಳಬೇಕು.

ನಾನು ಅಧ್ಯಾಪಕನಾಗಿದ್ದ ಶಾಲೆಯೊಂದರಲ್ಲಿ ಹಳೆಯ ಕಪ್ಪುಹಲಗೆಯ ಬದಲು ಹೊಸ ಹಸುರು ಹಲಗೆ ಬಂದಿತು. ಆ ಉತ್ಸಾಹದಲ್ಲಿ ನಾನು ಬಣ್ಣದ ಸೀಮೆಸುಣ್ಣಗಳನ್ನು ತರಿಸಿಕೊಂಡೆ. ಪಾಠದ ವಾಕ್ಯಗಳನ್ನು ಬಿಳಿಯಲ್ಲಿಯೂ, ಮುಖ್ಯವಾದ ಪದಗಳನ್ನೂ ಅವುಗಳ ಅರ್ಥಗಳನ್ನೂ ಕೆಂಪಿನಲ್ಲಿಯೂ ಬರೆಯತೊಡಗಿದೆ. ಹಲಗೆ ನನ್ನ ಕಣ್ಣಿಗೆ ಹೂದೋಟದಂತೆ ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಮಾತ್ರ ಪದೇ ಪದೇ ಪಕ್ಕದವನ ಪುಸ್ತಕದೊಳಗೆ ಇಣುಕುತ್ತಿದ್ದನು. ಒಂದೆರಡು ಸಲ ಎಚ್ಚರಿಸಿದೆ. ಮೂರನೆಯ ಸಲ, “ಹಲಗೆ ಎದುರಿಗಿರುವಾಗ ಕದ್ದು ಬರೆಯುವೆಯಾ?” ಎಂದು ತರಗತಿಯ ಮುಂದೆಯೇ ಗದರಿಸಿ ನಿಲ್ಲಿಸಿದೆ. ಅವನು ಉತ್ತರ ಕೊಡಲಿಲ್ಲ. ತಲೆ ತಗ್ಗಿಸಿ ನಿಂತನು.

ಮರುವಾರ ಅವನ ಪುಸ್ತಕ ತಿದ್ದುವಾಗ ನನಗೊಂದು ವಿಚಿತ್ರ ಕಂಡಿತು. ವಾಕ್ಯಗಳೆಲ್ಲ ದುಂಡಾದ ಅಕ್ಷರಗಳಲ್ಲಿದ್ದವು. ನಡುನಡುವೆ ಮಾತ್ರ ತೆರಪುಗಳಿದ್ದವು. ಹಿಂದಿನ ಪಾಠಗಳ ಟಿಪ್ಪಣಿಯೊಡನೆ ಹೋಲಿಸಿ ನೋಡಿದೆ. ಬಿಳಿಯಲ್ಲಿ ಬರೆದದ್ದು ಒಂದೂ ತಪ್ಪಿರಲಿಲ್ಲ. ತಪ್ಪಿದ್ದುದೆಲ್ಲ ನಾನು ಕೆಂಪಿನಲ್ಲಿ ಬರೆದದ್ದು. ಅಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವನ ಜಾಗದಲ್ಲಿ ಹೋಗಿ ಕುಳಿತೆ. ದಟ್ಟ ಹಸುರಿನ ಮೇಲಿನ ಕೆಂಪು ಅಕ್ಷರಗಳು ನನಗೇ ಮಸುಕಾಗಿ ಕಂಡವು. ಆ ಹುಡುಗನಿಗೆ ಕೆಂಪು ಹಸುರುಗಳ ಭೇದ ಹುಟ್ಟಿನಿಂದಲೇ ಸರಿಯಾಗಿ ತಿಳಿಯುತ್ತಿರಲಿಲ್ಲವೆಂಬುದು ವೈದ್ಯರು ಪರೀಕ್ಷಿಸಿದ ಮೇಲೆ ಗೊತ್ತಾಯಿತು. ಅದು ಬುದ್ಧಿಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಅತ್ಯಂತ ಮುಖ್ಯವೆಂದು ನಾನು ಯಾವುದನ್ನು ಬಣ್ಣದಲ್ಲಿ ಬರೆದೆನೋ ಅದನ್ನೇ ನಾನು ಅವನಿಂದ ಮುಚ್ಚಿಟ್ಟಿದ್ದೆ. ಕಾಣದ್ದನ್ನು ಪಕ್ಕದವನಿಂದ ತಿಳಿಯಲು ಯತ್ನಿಸಿದವನನ್ನು ಕಳ್ಳನೆಂದು ಕರೆದಿದ್ದೆ. ಮರುದಿನ ಅದೇ ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಅಂದಿನಿಂದ ಮುಖ್ಯವಾದ ಪದವನ್ನು ಬಿಳಿಯಲ್ಲಿಯೇ ದೊಡ್ಡದಾಗಿ ಬರೆದು ಚೌಕಟ್ಟು ಹಾಕುವುದು ನನ್ನ ರೂಢಿಯಾಯಿತು.

ಈ ಘಟನೆಯಿಂದ ನಾನು ಕಲಿತದ್ದು ಎರಡು ಪಾಠಗಳು. ಬಣ್ಣ ಬೇರೆಯಾದ ಮಾತ್ರಕ್ಕೆ ವೈದೃಶ್ಯ ಸಿದ್ಧಿಸುವುದಿಲ್ಲ, ಬೆಳಕಿನಲ್ಲಿಯೂ ಅಂತರವಿರಬೇಕು. ದಟ್ಟ ಕೆಂಪು ಮತ್ತು ದಟ್ಟ ಹಸುರು ಹೆಸರಿನಲ್ಲಿ ದೂರ, ಹೊಳಪಿನಲ್ಲಿ ಹತ್ತಿರ. ಎರಡನೆಯದಾಗಿ, ತಿಳಿಸಬೇಕಾದ ಸಂಗತಿಯನ್ನು ಬಣ್ಣವೊಂದರ ಮೇಲೆಯೇ ಹೊರಿಸಬಾರದು. ಗಾತ್ರ, ಆಕಾರ, ಸ್ಥಾನಗಳ ನೆರವೂ ಇರಬೇಕು. ರಸ್ತೆಯ ಸಂಕೇತದೀಪಗಳಲ್ಲಿ ಸಾಮಾನ್ಯವಾಗಿ ಕೆಂಪು ಮೇಲೆ, ಹಸುರು ಕೆಳಗೆ ಇರುವುದರಿಂದಲೇ ಬಣ್ಣದ ಭೇದ ತಿಳಿಯದವನೂ ಅವುಗಳನ್ನು ಗುರುತಿಸಬಲ್ಲನು.

ನಾನು ತಪ್ಪು ಮಾಡಿ ಕಲಿತ ಈ ಪಾಠಗಳು ಇಂದು ಲೆಕ್ಕಾಚಾರದ ನಿಯಮಗಳಾಗಿವೆ. ಅಂತರಜಾಲದ ಪುಟಗಳನ್ನು ಎಲ್ಲರೂ ಓದಬಲ್ಲಂತೆ ರಚಿಸುವುದಕ್ಕಾಗಿ 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದಿದೆ. ಅದರಂತೆ ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವಣ ಹೊಳಪಿನ ಪ್ರಮಾಣ ಕಡಿಮೆಯೆಂದರೆ 4.5ಕ್ಕೆ 1 ಇರಬೇಕು. ದೊಡ್ಡ ಅಕ್ಷರಗಳಿಗೆ 3ಕ್ಕೆ 1 ಸಾಕು. ಅಚ್ಚ ಬಿಳುಪು ಮತ್ತು ಅಚ್ಚ ಕಪ್ಪಿನ ನಡುವೆ ಈ ಪ್ರಮಾಣ 21ಕ್ಕೆ 1. ಯಾವ ಮಾಹಿತಿಯನ್ನೂ ಬಣ್ಣ ಒಂದರಿಂದಲೇ ತಿಳಿಸಬಾರದೆಂಬುದೂ ಅದೇ ಮಾರ್ಗಸೂಚಿಯ ಒಂದು ನಿಯಮ. ಸಂಖ್ಯೆಗಳು ಶುಷ್ಕವಾಗಿ ಕಾಣಬಹುದು. ಆದರೆ ಆ ಸಂಖ್ಯೆಗಳ ಹಿಂದೆ ಮಂದದೃಷ್ಟಿಯ ಅಜ್ಜಿಯೊಬ್ಬಳಿದ್ದಾಳೆ, ಬಿಸಿಲಿನಲ್ಲಿ ನಿಂತು ದೂರವಾಣಿಯ ತೆರೆಯನ್ನು ನೋಡುವ ರೈತನಿದ್ದಾನೆ, ತಲೆ ತಗ್ಗಿಸಿ ನಿಂತ ಒಬ್ಬ ಹುಡುಗನೂ ಇದ್ದಾನೆ. ತಿಳಿಬೂದು ಕಾಗದದ ಮೇಲೆ ಬೂದು ಅಕ್ಷರಗಳನ್ನಿರಿಸಿ ಅದನ್ನೇ ನಾಜೂಕೆನ್ನುವವರು ಇವರನ್ನು ಮರೆತಿರುತ್ತಾರೆ. ಔಷಧದ ಸೀಸೆಯ ಮೇಲಿನ ಚೀಟಿ, ಬಸ್ಸಿನ ಹಣೆಯ ಮೇಲಿನ ಊರ ಹೆಸರು, ಅಪಾಯದ ತಿರುವಿನ ಸೂಚನೆ, ಇವುಗಳಲ್ಲಿ ಅಕ್ಷರ ಕಾಣದಿದ್ದರೆ ಆಗುವ ನಷ್ಟ ಸೌಂದರ್ಯದ ನಷ್ಟವಷ್ಟೇ ಅಲ್ಲ.

ನೀವು ನಾಳೆ ಗೋಡೆಪತ್ರಿಕೆಯನ್ನೋ, ನಾಟಕದ ಕರಪತ್ರವನ್ನೋ, ವಿಜ್ಞಾನ ಪ್ರದರ್ಶನದ ಫಲಕವನ್ನೋ ಸಿದ್ಧಪಡಿಸುವಿರಿ. ಕುಂಚವನ್ನು ಬಣ್ಣದಲ್ಲಿ ಅದ್ದುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಇದರಲ್ಲಿ ಮೊದಲು ಕಾಣಬೇಕಾದದ್ದು ಯಾವುದು? ಅದು ಕಾಣುವುದಕ್ಕಾಗಿ ಸುಮ್ಮನಿರಬೇಕಾದದ್ದು ಯಾವುದು? ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಇದು ಕಾಣುವುದೆ? ಮೊದಲ ಪ್ರಶ್ನೆಗೆ ಉತ್ತರ ಕೊಡಲು ಬುದ್ಧಿ ಬೇಕು. ಎರಡನೆಯದಕ್ಕೆ ಸಂಯಮ ಬೇಕು. ಮೂರನೆಯದಕ್ಕೆ ಮನುಷ್ಯಪ್ರೀತಿ ಬೇಕು. ಮೂರೂ ಕೂಡಿದಾಗ ಎರಡೇ ಬಣ್ಣಗಳಿಂದಲೂ ಒಳ್ಳೆಯ ಕೃತಿ ಹುಟ್ಟಬಲ್ಲದು.

ಇನ್ನು ಮುಂದೆ ಬಿದರಿಯ ಹೂದಾನಿಯೊಂದನ್ನು ಕಂಡಾಗ ಬೆಳ್ಳಿಯ ಬಳ್ಳಿಯನ್ನು ಮೆಚ್ಚಿರಿ. ಮೆಚ್ಚಿದ ಮೇಲೆ ಒಂದು ಗಳಿಗೆ ನಿಂತು, ಆ ಬಳ್ಳಿಯ ಸುತ್ತ ಮಾತಿಲ್ಲದೆ ನಿಂತಿರುವ ಕಪ್ಪನ್ನೂ ನೋಡಿರಿ.